ಹಸಿರುಗಟ್ಟಿದ ನೀರಿನಲ್ಲಿ ಬೆಳಕಿನ ಹೀರಿಕೆಯನ್ನು ಅಳೆಯುವುದು ಹೇಗೆ?

ಹಿನ್ನೀರು (ಮುನಿರಾಬಾದ್, ಕೊಪ್ಪಳ ಜಿಲ್ಲೆ) ಕೇಳಿದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ಕೊಪ್ಪಳ ಜಿಲ್ಲೆಯ ಪದವಿ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ತುಂಗಭದ್ರಾ ಜಲಾಶಯಕ್ಕೆ ಮಳೆಗಾಲದ ಹೊಸ ನೀರು ಬಂದು ನಿಂತ ಮೇಲೆ ಹಿನ್ನೀರು ಹಸಿರುಗಟ್ಟುವುದನ್ನು ಈ ಭಾಗದವರೆಲ್ಲ ಕಂಡಿದ್ದೇವೆ. ಅಂಥ ನೀರಿನೊಳಗೆ ಬೆಳಕು ಎಷ್ಟು ಆಳದವರೆಗೆ ಇಳಿಯುತ್ತದೆ, ಇಳಿಯುವಾಗ ಅದನ್ನು ಪಾಚಿ ಎಷ್ಟು ಹೀರುತ್ತದೆ, ಹೂಳು ಎಷ್ಟು ಹೀರುತ್ತದೆ ಎಂಬುದನ್ನು ಅಂತಿಮ ವರ್ಷದ ವಿದ್ಯಾರ್ಥಿಗಳ ಕೈಯಿಂದಲೇ ಅಳೆಯಿಸಬೇಕೆಂದು ಯೋಜನೆ ಹಾಕಿಕೊಂಡಿದ್ದೇನೆ.

ನಮ್ಮಲ್ಲಿ ಎರಡು ಕಿರಣಗಳ ಸ್ಪೆಕ್ಟ್ರೋಫೋಟೋಮೀಟರ್ (ಒಂದೊಂದು ಬಣ್ಣದ ಬೆಳಕು ಮಾದರಿಯಲ್ಲಿ ಎಷ್ಟು ಕುಂದುತ್ತದೆಂದು ಅಳೆಯುವ ಯಂತ್ರ) ಮತ್ತು ಮಾದರಿ ತುಂಬಿಸುವ 1 ಸೆಂಟಿಮೀಟರ್ ಕ್ಯುವೆಟ್‌ಗಳಿವೆ. ಭಟ್ಟಿ ಇಳಿಸಿದ ನೀರನ್ನು ಬ್ಲ್ಯಾಂಕ್ (ಹೋಲಿಕೆಯ ಸೊನ್ನೆ ಮಾದರಿ) ಆಗಿಟ್ಟು, ಹಿನ್ನೀರಿನ ಮಾದರಿಯನ್ನು ನೇರವಾಗಿ ಕ್ಯುವೆಟ್‌ಗೆ ಹಾಕಿ ರೋಹಿತ ತೆಗೆದರೆ, 675 ನ್ಯಾನೊಮೀಟರ್ ತರಂಗಾಂತರದ ಬಳಿ ಕ್ಲೋರೋಫಿಲ್‌ನ ಉಬ್ಬೊಂದು ಕಾಣುತ್ತದೆ. ಆದರೆ ಪಾಚಿಯ ವರ್ಣದ್ರವ್ಯಗಳು ಏನನ್ನೂ ಹೀರದ 800ರ ಬಳಿಗೆ ಹೋದರೂ ಅಬ್ಸಾರ್ಬೆನ್ಸ್ (ಬೆಳಕು ಎಷ್ಟು ಕುಂದಿತೆಂದು ಯಂತ್ರ ತೋರಿಸುವ ಅಂಕಿ) 0.2ರಿಂದ ಕೆಳಗಿಳಿಯುವುದಿಲ್ಲ. ಅದೇ ಕ್ಯುವೆಟ್ಟನ್ನು ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅಳೆದರೆ ಅಂಕಿ ಬದಲಾಗುತ್ತದೆ. ಕಣ್ಣಿಟ್ಟು ನೋಡಿದರೆ ರವೆಯಂಥ ಹಸಿರು ಕಣಗಳು ಮೇಲೇರಿ ನೀರಿನ ಅಂಚಿಗೆ ಕೂಡಿಕೊಂಡಿರುತ್ತವೆ. ಸೋಸಿದ ನೀರನ್ನಿಟ್ಟರೆ ಅಂಕಿ ಹೆಚ್ಚುಕಡಿಮೆ ಸೊನ್ನೆ.

ನನಗೆ ಸಿಕ್ಕ ವಿಧಾನಗಳೆಲ್ಲ ಕಡಲಿಗೆ ಮತ್ತು ನದಿ ಕಡಲು ಸೇರುವ ಅಳಿವೆಗಳಿಗೆ ಬರೆದವು. ಅವುಗಳನ್ನು ಜಲಾಶಯದ ನೀರಿಗೆ ಹಾಗೆಯೇ ಬಳಸಬಹುದೇ? ನಮ್ಮ ಯಂತ್ರದಿಂದಲೇ ನಂಬಬಹುದಾದ ಅಂಕಿ ಪಡೆಯಲು ಏನು ಮಾಡಬೇಕು? ಬಲ್ಲವರು ದಯವಿಟ್ಟು ವಿವರವಾಗಿ ತಿಳಿಸಿ.

ಅಳಿವೆ ನೋಟ ಬರೆದ ಉತ್ತರ

ಮೇಡಂ, ನಾನು ರಾಯಚೂರು ಜಿಲ್ಲೆಯ ಲಿಂಗಸುಗೂರು ಕಡೆಯವನು, ಈಗ ಕರಾವಳಿಯಲ್ಲಿದ್ದು ಅಳಿವೆಗಳ ನೀರಿನ ಮೇಲೆ ಕೆಲಸ ಮಾಡುತ್ತೇನೆ. ಊರಿನ ನೀರಿನ ಬಗ್ಗೆ ಇಂಥ ಪ್ರಶ್ನೆ ಬಂದದ್ದು ಬಹಳ ಸಂತೋಷ, ಆದ್ದರಿಂದ ಉತ್ತರ ಉದ್ದವಾದರೆ ಸಹಿಸಿಕೊಳ್ಳಿ.

800 ನ್ಯಾನೊಮೀಟರ್‌ನಲ್ಲಿ ಉಳಿದ ಆ 0.2 ಬಹುಪಾಲು ಚದುರಿಕೆಯಿಂದ ಬಂದದ್ದು. ಕ್ಯುವೆಟ್‌ನಲ್ಲಿರುವ ಪಾಚಿ ಮತ್ತು ಹೂಳಿನ ಕಣಗಳಿಗೆ ತಾಗಿ ಪಕ್ಕಕ್ಕೆ ತಿರುಗಿದ ಬೆಳಕು ಯಂತ್ರದ ಕಣ್ಣಿಗೆ ತಲುಪುವುದಿಲ್ಲ. ತಲುಪದ ಬೆಳಕನ್ನೆಲ್ಲ ಯಂತ್ರವು ಹೀರಲ್ಪಟ್ಟಿತೆಂದೇ ಲೆಕ್ಕ ಹಿಡಿಯುತ್ತದೆ. ಹಾಗೆಂದು 800ರ ಅಂಕಿಯನ್ನು ಇಡೀ ರೋಹಿತದಿಂದ ಕಳೆದುಬಿಟ್ಟರೆ ಸರಿಹೋಯಿತೆಂದು ತಿಳಿಯಬಾರದು, ಏಕೆಂದರೆ ಚದುರಿಕೆ ಎಲ್ಲ ತರಂಗಾಂತರಗಳಲ್ಲಿಯೂ ಒಂದೇ ಪ್ರಮಾಣದಲ್ಲಿರುವುದಿಲ್ಲ, ವರ್ಣದ್ರವ್ಯ ಬಲವಾಗಿ ಹೀರುವ ಜಾಗದ ಆಸುಪಾಸಿನಲ್ಲಂತೂ ಅದು ಏರುಪೇರಾಗುತ್ತದೆ.

ಸೋಸಿದ ನೀರಿನ ಅಂಕಿ ಸೊನ್ನೆಯಂತೆ ಕಾಣುವುದಕ್ಕೆ ಕಾರಣ ಬೇರೆ. ಹೀರಿಕೆಯ ಗುಣಾಂಕವನ್ನು ಪಡೆಯಲು ಅಬ್ಸಾರ್ಬೆನ್ಸನ್ನು 2.303ರಿಂದ ಗುಣಿಸಿ, ಬೆಳಕು ಸಾಗಿದ ದಾರಿಯ ಉದ್ದವನ್ನು ಮೀಟರ್‌ನಲ್ಲಿ ಬರೆದುಕೊಂಡು ಅದರಿಂದ ಭಾಗಿಸಬೇಕು. ಗುಣಾಂಕವು ಮೀಟರಿಗೆ 1 ಇದ್ದರೆ, ಅಂದರೆ ಕಣ್ಣಿಗೆ ತಿಳಿಯುವಷ್ಟು ಬಣ್ಣದ ನೀರಾಗಿದ್ದರೂ, 1 ಸೆಂಟಿಮೀಟರ್ ಕ್ಯುವೆಟ್‌ನಲ್ಲಿ ಬರುವ ಅಂಕಿ ಸುಮಾರು 0.004 ಮಾತ್ರ. ಸಾಮಾನ್ಯ ಯಂತ್ರಗಳಲ್ಲಿ ಅದು ಯಂತ್ರದ ಸಹಜ ಏರಿಳಿತದ ಗದ್ದಲದಲ್ಲಿಯೇ ಮುಳುಗಿಹೋಗುತ್ತದೆ. 10 ಸೆಂಟಿಮೀಟರ್ ಉದ್ದದ ಕೋಶವಿದ್ದರೆ (ಉದ್ದನೆಯ ಕ್ಯುವೆಟ್) 0.043 ಬರುತ್ತದೆ, ಅದನ್ನು ನಂಬಬಹುದು.

ಹೀಗಾಗಿ ಹಸಿರು ನೀರನ್ನು ಇಡಿಯಾಗಿ ಅಳೆಯುವ ಬದಲು ಬಿಡಿಸಿ ಅಳೆಯಬೇಕು. ಒಟ್ಟು ಹೀರಿಕೆಯಲ್ಲಿ ನಾಲ್ಕು ಪಾಲುದಾರರಿದ್ದಾರೆ: ಶುದ್ಧ ನೀರು, ನೀರಿನಲ್ಲಿ ಕರಗಿರುವ ಬಣ್ಣದ ಸಾವಯವ ವಸ್ತು, ಪಾಚಿ, ಮತ್ತು ಪಾಚಿಯಲ್ಲದ ಕಣಗಳು. ಶುದ್ಧ ನೀರಿನ ಅಂಕಿಗಳನ್ನು ಪೋಪ್ ಮತ್ತು ಫ್ರೈ 1997ರಲ್ಲಿ ಪ್ರಕಟಿಸಿದ ಕೋಷ್ಟಕದಿಂದ ತೆಗೆದುಕೊಳ್ಳಬಹುದು. 440ರಲ್ಲಿ ಅದು ಮೀಟರಿಗೆ 0.0064ರಷ್ಟು, 675ರಲ್ಲಿ 0.45ರಷ್ಟು. ಕರಗಿದ ಬಣ್ಣವನ್ನು 0.2 ಮೈಕ್ರೊಮೀಟರ್ ರಂಧ್ರದ ಪೊರೆಯಲ್ಲಿ ಸೋಸಿ, ಉದ್ದನೆಯ ಕೋಶದಲ್ಲಿ ಅಳೆಯಬೇಕು. ಅದರ ರೋಹಿತವು ನೀಲಿಯ ಕಡೆ ಎತ್ತರವಾಗಿದ್ದು ಕೆಂಪಿನ ಕಡೆಗೆ ನುಣುಪಾಗಿ ಇಳಿಯುತ್ತದೆ.

ಕಣಗಳ ಅಳತೆಯೇ ಈ ಕೆಲಸದ ತಿರುಳು. ಜಿಎಫ್‌ಎಫ್ ಎಂದು ಕರೆಯುವ 25 ಮಿಲಿಮೀಟರ್ ಗಾಜಿನ ನಾರಿನ ಫಿಲ್ಟರ್‌ನ ಮೇಲೆ ನೀರನ್ನು ಸೋಸಿ, ಫಿಲ್ಟರನ್ನೇ ಯಂತ್ರದ ಕಿರಣಕ್ಕೆ ಅಡ್ಡಲಾಗಿ, ಬೆಳಕು ಅಳೆಯುವ ಕಿಟಕಿಗೆ ಆದಷ್ಟು ಹತ್ತಿರ ನಿಲ್ಲಿಸಿ ರೋಹಿತ ತೆಗೆಯಬೇಕು. ಅದೇ ಪೊಟ್ಟಣದ ಇನ್ನೊಂದು ಫಿಲ್ಟರನ್ನು ಸೋಸಿದ ನೀರಿನಲ್ಲಿ ನೆನೆಸಿ ಬ್ಲ್ಯಾಂಕ್ ಆಗಿಡಬೇಕು. ಇಲ್ಲಿ ದಾರಿಯ ಉದ್ದವೆಂದರೆ ಸೋಸಿದ ನೀರಿನ ಪ್ರಮಾಣವನ್ನು ಹಸಿರು ವೃತ್ತದ ವಿಸ್ತೀರ್ಣದಿಂದ ಭಾಗಿಸಿದಾಗ ಬರುವ ಅಂಕಿ. ಉದಾಹರಣೆಗೆ, 100 ಮಿಲಿಲೀಟರ್ ಸೋಸಿದ್ದು, ವೃತ್ತದ ವ್ಯಾಸ 21 ಮಿಲಿಮೀಟರ್ ಇದ್ದರೆ, ಅದು 0.289 ಮೀಟರ್. ಆದರೆ ಬೆಳಕು ಗಾಜಿನ ನಾರುಗಳ ನಡುವೆ ಹಲವು ಸಲ ಹಾಯ್ದು ಹೋಗುವುದರಿಂದ ಅಂಕಿ ನಿಜಕ್ಕಿಂತ ಸುಮಾರು ಎರಡು ಪಟ್ಟು ದೊಡ್ಡದಾಗಿ ಕಾಣಿಸುತ್ತದೆ. ಇದನ್ನು ಸರಿಪಡಿಸಲು ಸ್ಟ್ರಾಮ್ಸ್ಕಿ ಮತ್ತು ಸಂಗಡಿಗರು 2015ರಲ್ಲಿ ಕೊಟ್ಟ ಸೂತ್ರವಿದೆ: ಫಿಲ್ಟರ್‌ನ ಮೇಲಿನ ಅಂಕಿಯನ್ನು 1.2804ರ ಘಾತಕ್ಕೇರಿಸಿ 0.679ರಿಂದ ಗುಣಿಸಬೇಕು. 675ರಲ್ಲಿ ನಿಮಗೆ 0.3 ಬಂದರೆ, ತಿದ್ದಿದ ಅಂಕಿ 0.145; ಅದರಿಂದ ಗುಣಾಂಕ ಮೀಟರಿಗೆ ಸುಮಾರು 1.16. ಫಿಲ್ಟರ್‌ನ ಅಂಕಿ 0.4ನ್ನು ಮೀರದಂತೆ ನೋಡಿಕೊಳ್ಳಿ. ದಟ್ಟ ಹಸಿರು ನೀರಿಗೆ 100 ಮಿಲಿಲೀಟರ್ ಕೂಡ ಹೆಚ್ಚಾಗಬಹುದು. 20 ಅಥವಾ 30 ಸಾಕು.

ಮೊದಲ ಓದಿನಲ್ಲಿ ಪಾಚಿ ಮತ್ತು ಹೂಳು ಎರಡೂ ಸೇರಿರುತ್ತವೆ. ಅನಂತರ ಫಿಲ್ಟರ್‌ನ ಮೇಲಿನ ಬಣ್ಣ ತೆಗೆದು ಮತ್ತೊಮ್ಮೆ ಓದಿದರೆ ಹೂಳಿನ ಪಾಲು ಮಾತ್ರ ಉಳಿಯುತ್ತದೆ, ಎರಡರ ವ್ಯತ್ಯಾಸವೇ ಪಾಚಿಯದು. ಬಣ್ಣ ತೆಗೆಯಲು ಬಹಳಷ್ಟು ಕಡೆ ಮೆಥನಾಲ್ ಬಳಸಿ ಎಂದಿರುತ್ತದೆ. ನಿಮ್ಮ ನೀರಿಗೆ ಅದು ಸಾಲದು, ಇದನ್ನು ಒತ್ತಿ ಹೇಳುತ್ತೇನೆ. ರವೆಯಂತೆ ಮೇಲೇರುವ ಕಣಗಳೆಂದು ನೀವು ಬರೆದಿರುವುದನ್ನು ನೋಡಿದರೆ ಅದು ನೀಲಿ-ಹಸಿರು ಪಾಚಿ ಆಗಿರುವ ಸಾಧ್ಯತೆಯೇ ಹೆಚ್ಚು. ಅದರಲ್ಲಿ ಕ್ಲೋರೋಫಿಲ್ ಜೊತೆಗೆ 620 ನ್ಯಾನೊಮೀಟರ್ ಬಳಿ ಹೀರುವ ಫೈಕೋಸಯನಿನ್ ಎಂಬ ನೀಲಿ ವರ್ಣದ್ರವ್ಯವಿರುತ್ತದೆ. ಅದು ನೀರಿನಲ್ಲಿ ಕರಗುವ ಪ್ರೋಟೀನು, ಮೆಥನಾಲ್‌ಗೆ ಬಿಟ್ಟುಬರುವುದಿಲ್ಲ. ಕ್ಲೋರೋಫಿಲ್ ಹೋಗಿ ಫೈಕೋಸಯನಿನ್ ಫಿಲ್ಟರ್‌ನ ಮೇಲೆಯೇ ಉಳಿದರೆ, ಪಾಚಿಯ ಹೀರಿಕೆಯ ಒಂದು ಭಾಗ ಹೂಳಿನ ಖಾತೆಗೆ ಜಮಾ ಆಗುತ್ತದೆ. ಆದ್ದರಿಂದ ಟಸ್ಸಾನ್ ಮತ್ತು ಫೆರಾರಿ 1995ರಲ್ಲಿ ಸೂಚಿಸಿದ ಹಾಗೆ ಸೋಡಿಯಂ ಹೈಪೊಕ್ಲೋರೈಟ್ ಬಳಸಿ. ಕ್ಲೋರಿನ್ ಅಂಶ ಸುಮಾರು ಶೇ. 1 ಇರುವಂತೆ ತೆಳುಮಾಡಿದ ದ್ರಾವಣದ ಕೆಲವು ಹನಿಗಳನ್ನು ಫಿಲ್ಟರ್‌ನ ಮೇಲೆ ಬಿಟ್ಟು, 675 ಮತ್ತು 620ರ ಎರಡು ಉಬ್ಬುಗಳೂ ಮಾಯವಾಗುವವರೆಗೆ ಕಾದು, ಸೋಸಿದ ನೀರಿನಿಂದ ಚೆನ್ನಾಗಿ ತೊಳೆಯಬೇಕು. ತೊಳೆದ ಮೇಲೂ ಉಳಿದ ಹೈಪೊಕ್ಲೋರೈಟ್ ಅತಿನೇರಳೆಯ ಕಡೆ ಬೆಳಕನ್ನು ಹೀರುತ್ತದೆ, ಹಾಗಾಗಿ 400ಕ್ಕಿಂತ ಕೆಳಗಿನ ಅಂಕಿಗಳನ್ನು ಬಿಟ್ಟುಬಿಡಿ.

ಅಳಿವೆಯ ವಿಧಾನ ಜಲಾಶಯಕ್ಕೆ ಹೊಂದುತ್ತದೆಯೇ ಎಂದು ಕೇಳಿದ್ದೀರಿ. ಮೂಲ ಕ್ರಮ ಒಂದೇ, ಆದರೆ ಅಳಿವೆಯಲ್ಲಿ ನಾವು ಪಡುವ ಕೆಲವು ಪಾಡು ನಿಮಗಿಲ್ಲ. ಅಘನಾಶಿನಿಯಲ್ಲಾಗಲಿ, ನೇತ್ರಾವತಿ-ಗುರುಪುರ ನದಿಗಳು ಕೂಡುವ ಮಂಗಳೂರಿನಲ್ಲಾಗಲಿ, ಒಂದೇ ಜಾಗದ ನೀರು ಉಬ್ಬರದಲ್ಲಿ ಕಡಲಿನದು, ಇಳಿತದಲ್ಲಿ ನದಿಯದು. ಮಳೆಗಾಲದಲ್ಲಿ ಘಟ್ಟದ ಕಾಡಿನಿಂದ ಬರುವ ಚಹಾ ಬಣ್ಣದ ನೀರು ನೀಲಿ ಬೆಳಕನ್ನೆಲ್ಲ ಹೀರಿ, ಪಾಚಿಯ 440ರ ಉಬ್ಬನ್ನು ಮುಚ್ಚಿಹಾಕುತ್ತದೆ. ಅದಕ್ಕಾಗಿ ಪ್ರತಿ ಮಾದರಿಯ ಜೊತೆ ಉಪ್ಪಿನಂಶವನ್ನೂ ಅಳೆದು, ಕರಗಿದ ಬಣ್ಣವು ಉಪ್ಪಿನಂಶಕ್ಕೆ ಎದುರಾಗಿ ನೇರ ಗೆರೆಯಲ್ಲಿ ಇಳಿಯುತ್ತದೆಯೇ ಎಂದು ನೋಡುತ್ತೇವೆ. ಗೆರೆಯಿಂದ ಮೇಲೆದ್ದ ಬಿಂದುಗಳಿದ್ದರೆ, ಅಲ್ಲಿಯೇ ಪಾಚಿ ಕೊಳೆತು ಹೊಸ ಬಣ್ಣ ಸೇರಿರಬಹುದೆಂದು ಅನುಮಾನಿಸಲು ಆಧಾರ ಸಿಗುತ್ತದೆ. ಉಪ್ಪು ನೀರಿಗೆ ಸಿಹಿನೀರಿನ ಬ್ಲ್ಯಾಂಕ್ ಇಟ್ಟರೆ ವಕ್ರೀಭವನದ ವ್ಯತ್ಯಾಸದಿಂದಲೇ ತಳಗೆರೆ ಸರಿಯುತ್ತದೆ. ಕಡಲ ಪಾಚಿ ಕೂತ ಫಿಲ್ಟರನ್ನು ಸಿಹಿನೀರಿನಿಂದ ತೊಳೆದರೆ ಜೀವಕೋಶಗಳು ಒಡೆದು ವರ್ಣದ್ರವ್ಯ ಸೋರಿಹೋಗುತ್ತದೆ, ಅದಕ್ಕಾಗಿ ಹೈಪೊಕ್ಲೋರೈಟ್‌ಗೆ ಸೋಡಿಯಂ ಸಲ್ಫೇಟ್ ಬೆರೆಸುತ್ತೇವೆ. ನೀವು ಇವುಗಳನ್ನೆಲ್ಲ ಬಿಡಬಹುದು. ಇನ್ನೊಂದು ವ್ಯತ್ಯಾಸ ಪಾಚಿಯ ಜಾತಿಯದು. ಬೇಸಿಗೆಯ ಹೊತ್ತಿಗೆ ಪಶ್ಚಿಮ ಕರಾವಳಿಯಲ್ಲಿ ಹಬ್ಬುವ ಟ್ರೈಕೋಡೆಸ್ಮಿಯಂನಲ್ಲಿ ಫೈಕೋಎರಿತ್ರಿನ್ ಇರುವುದರಿಂದ ಅದರ ಉಬ್ಬು ಹಸಿರು ಬೆಳಕಿನ ಕಡೆ, 545ರ ಆಸುಪಾಸಿನಲ್ಲಿ, ಬರುತ್ತದೆ. ನೀವು ಕಣ್ಣಿಡಬೇಕಾದದ್ದು 620ರ ಮೇಲೆ.

ಮಸಾರಿ (ಸಂಡೂರು, ಬಳ್ಳಾರಿ ಜಿಲ್ಲೆ) ಬರೆದ ಉತ್ತರ

ಮೇಲಿನ ಉತ್ತರ ಅತ್ಯಂತ ಉಪಯುಕ್ತವಾಗಿದೆ. ನಮ್ಮ ಭಾಗದ ನೀರಿಗೆ ಸೇರಿಸಲೇಬೇಕಾದ ಒಂದು ಮಾತಿದೆ, ಅದು ಕಬ್ಬಿಣದ್ದು.

ಕಡಲಿನ ವಿಧಾನಗಳಲ್ಲಿ ಪಾಚಿಯಲ್ಲದ ಕಣಗಳನ್ನು ಹೆಚ್ಚಾಗಿ ಕೊಳೆತ ಸಾವಯವ ಚೂರುಗಳೆಂದೇ ಭಾವಿಸಿ, 750ರ ಆಚೆಗೆ ಅವುಗಳ ಹೀರಿಕೆ ಸೊನ್ನೆಯೆಂದು ಹಿಡಿಯುತ್ತಾರೆ. ಮಸಾರಿ ಹೊಲಗಳ ಕೆಂಪು ಮಣ್ಣು ಹರಿದುಬರುವ ನಮ್ಮ ಹಳ್ಳಗಳಿಗೆ, ಅದಿರಿನ ಬೆಟ್ಟಗಳ ನಡುವಿನ ನಾರಿಹಳ್ಳದಂಥ ಜಲಾಶಯಗಳಿಗೆ ಈ ನಂಬಿಕೆ ಒಗ್ಗುವುದಿಲ್ಲ. ಕಬ್ಬಿಣದ ಆಕ್ಸೈಡ್ ನೀಲಿ ಬೆಳಕನ್ನು ಬಲವಾಗಿ ಹೀರುತ್ತದೆ, ಹತ್ತಿರದ ಅವಕೆಂಪಿನಲ್ಲಿಯೂ ಅದರ ಹೀರಿಕೆ ಸೊನ್ನೆಗಿಳಿಯುವುದಿಲ್ಲ. ಆದ್ದರಿಂದ 750ರ ಅಂಕಿಯನ್ನು ಕಣ್ಣುಮುಚ್ಚಿ ಕಳೆದರೆ ಹೂಳಿನ ನಿಜವಾದ ಹೀರಿಕೆಯನ್ನೇ ಕಳೆದಂತಾಗುತ್ತದೆ. ಬಣ್ಣ ತೆಗೆದ ಮೇಲೆ ಫಿಲ್ಟರ್ ಬೆಳ್ಳಗಾಗದೆ ಇಟ್ಟಿಗೆಯ ಬಣ್ಣದಲ್ಲಿ ಉಳಿದರೆ ವಿದ್ಯಾರ್ಥಿಗಳು ಗಾಬರಿಯಾಗಿ ಮತ್ತೆ ಮತ್ತೆ ಹೈಪೊಕ್ಲೋರೈಟ್ ಸುರಿಯಬಾರದು, ಅದು ಮಣ್ಣಿನದೇ ಬಣ್ಣ. ಸೋಸಿದ ನೀರಿನಲ್ಲಿ ಕರಗಿದ ಕಬ್ಬಿಣವಿದ್ದರೆ ಅದು ಕೂಡ ಅತಿನೇರಳೆ ಮತ್ತು ನೀಲಿಯ ಕಡೆ ಹೀರುತ್ತದೆಯಾದ್ದರಿಂದ, ಸಾಧ್ಯವಾದರೆ ಅದೇ ನೀರಿನ ಕಬ್ಬಿಣದ ಅಂಶವನ್ನೂ ಒಂದು ಸಲ ಅಳೆಯಿಸಿ ಇಟ್ಟುಕೊಳ್ಳಿ.

ಇನ್ನು, ಚದುರಿಕೆ ಮತ್ತು ಹೀರಿಕೆ ಬೇರೆ ಬೇರೆ ಎಂಬುದನ್ನು ವಿದ್ಯಾರ್ಥಿಗಳ ಕಣ್ಣಿಗೇ ಕಾಣಿಸುವ ಹಳೆಯ ಪ್ರಯೋಗವೊಂದಿದೆ. ನೀಲಿ-ಹಸಿರು ಪಾಚಿ ತೇಲುವುದು ಅದರ ಜೀವಕೋಶಗಳೊಳಗಿನ ಗಾಳಿ ತುಂಬಿದ ಅತಿಸಣ್ಣ ಕೋಶಗಳಿಂದ. ದಪ್ಪ ಗಾಜಿನ ಬಾಟಲಿಯೊಂದರಲ್ಲಿ ಹಸಿರು ನೀರನ್ನು ಗಾಳಿಗೆ ಜಾಗವಿಲ್ಲದಂತೆ ಕಂಠಪೂರ್ತಿ ತುಂಬಿ, ಬಿಗಿಯಾದ ಬಿರಡೆ ಹಾಕಿ, ಬಟ್ಟೆ ಸುತ್ತಿ, ಕನ್ನಡಕ ಧರಿಸಿ, ಬಿರಡೆಯ ಮೇಲೆ ಸುತ್ತಿಗೆಯಿಂದ ಒಂದು ಏಟು ಕೊಡಬೇಕು. ಒತ್ತಡಕ್ಕೆ ಗಾಳಿಕೋಶಗಳು ಕುಸಿಯುತ್ತವೆ. ಹಾಲು ಬೆರೆಸಿದಂತೆ ಮಬ್ಬಾಗಿದ್ದ ಹಸಿರು ತಟ್ಟನೆ ತಿಳಿಯಾಗಿ, ಗಾಢವಾಗುತ್ತದೆ, ಏಟು ಬೀಳದ ಬಾಟಲಿಯನ್ನು ಪಕ್ಕದಲ್ಲಿಟ್ಟರೆ ವ್ಯತ್ಯಾಸ ಸ್ಪಷ್ಟವಾಗಿ ಗೊತ್ತಾಗುತ್ತದೆ. ಸ್ವಲ್ಪ ಹೊತ್ತಿನಲ್ಲಿ ತೇಲುತ್ತಿದ್ದ ಪಾಚಿ ತಳಕ್ಕಿಳಿಯುತ್ತದೆ. ಎರಡೂ ಬಾಟಲಿಗಳ ನೀರನ್ನು ಕಲಕಿ ಕ್ಯುವೆಟ್‌ನಲ್ಲಿ ಓದಿಸಿ: 800ರ ಅಂಕಿ ಇಳಿದಿರುತ್ತದೆ, ಫಿಲ್ಟರ್‌ನ ಮೇಲೆ ಅಳೆದ 675ರ ಹೀರಿಕೆ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ವರ್ಣದ್ರವ್ಯ ಎಲ್ಲಿಯೂ ಹೋಗಿಲ್ಲ, ಚದುರಿಸುವ ಗಾಳಿಕೋಶ ಮಾತ್ರ ಹೋಗಿದೆ. ನೀರು ಹಸಿರಾದದ್ದು ನೀಲಿ-ಹಸಿರು ಪಾಚಿಯಿಂದಲೋ ಬೇರೆ ಪಾಚಿಯಿಂದಲೋ ಎಂಬುದಕ್ಕೂ ಇದು ಒಳ್ಳೆಯ ಸುಳಿವು.

ಹಿನ್ನೀರು

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಮೆಥನಾಲ್ ಕುರಿತ ಎಚ್ಚರಿಕೆ ನಮಗೆ ಬಹಳ ಮುಖ್ಯವಾದದ್ದು, ಪ್ರಯೋಗಾಲಯಕ್ಕೆ ಅದನ್ನೇ ತರಿಸುವವರಿದ್ದೆವು.

ಇನ್ನೂ ಮೂರು ವಿಷಯಗಳನ್ನು ಕೇಳಬೇಕಾಗಿದೆ. 10 ಸೆಂಟಿಮೀಟರ್ ಸ್ಫಟಿಕದ ಕೋಶ ನಮ್ಮ ಅನುದಾನಕ್ಕೆ ದುಬಾರಿ, ಬೇರೆ ದಾರಿಯಿದೆಯೇ? ಮಾದರಿಯನ್ನು ಎಲ್ಲಿ, ಯಾವ ಹೊತ್ತಿನಲ್ಲಿ ತೆಗೆಯಬೇಕು? ಕೊನೆಯದಾಗಿ, ನಾವು ದಡದಲ್ಲಿ ನಿಂತು ನೀರು ತುಂಬಿಕೊಳ್ಳುವಾಗ ಊರಿನವರು ಬಂದು, ಈ ನೀರನ್ನು ದನಗಳಿಗೆ ಕುಡಿಸಬಹುದೇ ಎಂದು ಕೇಳುತ್ತಾರೆ. ನಮ್ಮ ರೋಹಿತದಿಂದ ಅವರಿಗೆ ಏನಾದರೂ ಹೇಳಲು ಸಾಧ್ಯವೇ?

ಕಾಲುವೆ ಕೊನೆ (ರಾಯಚೂರು ಜಿಲ್ಲೆ) ಬರೆದ ಉತ್ತರ

ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ನಾನು ಕುಡಿಯುವ ನೀರಿನ ಪರೀಕ್ಷೆಯ ಕೆಲಸದಲ್ಲಿದ್ದೇನೆ, ಎಡದಂಡೆ ಕಾಲುವೆಯಲ್ಲಿ ಹರಿದುಬರುವ ಇದೇ ನೀರನ್ನು ನಮ್ಮ ಊರುಗಳು ಕೆರೆಗಳಿಗೆ ತುಂಬಿಸಿಕೊಂಡು ಕುಡಿಯುತ್ತವೆ. ಹೀರಿಕೆಯ ರೋಹಿತದಿಂದ ನೀರು ವಿಷವೋ ಅಲ್ಲವೋ ಎಂದು ಹೇಳಲು ಬರುವುದಿಲ್ಲ. 620ರ ಉಬ್ಬು ನೀಲಿ-ಹಸಿರು ಪಾಚಿ ಇದೆಯೆಂದಷ್ಟೇ ತಿಳಿಸುತ್ತದೆ. ಒಂದೇ ಜಾತಿಯಲ್ಲಿಯೂ ವಿಷ ಉತ್ಪಾದಿಸುವ ಮತ್ತು ಉತ್ಪಾದಿಸದ ತಳಿಗಳಿರುತ್ತವೆ, ವಿಷವನ್ನು ಬೇರೆಯದೇ ಪರೀಕ್ಷೆಯಿಂದ ಕಂಡುಹಿಡಿಯಬೇಕು. ಕುಡಿಯುವ ನೀರಿನಲ್ಲಿ ಮೈಕ್ರೋಸಿಸ್ಟಿನ್-ಎಲ್‌ಆರ್ ಎಂಬ ವಿಷಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿರುವ ಮಿತಿ ಲೀಟರಿಗೆ 1 ಮೈಕ್ರೊಗ್ರಾಂ, ಅಷ್ಟು ಸೂಕ್ಷ್ಮ ಪ್ರಮಾಣ ನಿಮ್ಮ ಯಂತ್ರಕ್ಕೆ ಎಟುಕದು. ಊರಿನವರಿಗೆ ಹೇಳಬೇಕಾದದ್ದು ಇಷ್ಟೇ: ದಡದಲ್ಲಿ ಕೆನೆಗಟ್ಟಿದ ಹಸಿರು ನೀರನ್ನು ದನಕರುಗಳಿಗೆ ಕುಡಿಸಬಾರದು, ಮಕ್ಕಳನ್ನು ಅದರಲ್ಲಿ ಇಳಿಸಬಾರದು, ಮತ್ತು ಆ ನೀರನ್ನು ಕುದಿಸಿದರೂ ಈ ವಿಷ ಹೋಗುವುದಿಲ್ಲ. ನಿಮ್ಮ ವಿದ್ಯಾರ್ಥಿಗಳೂ ಕೈಗವಸು ಹಾಕಿಕೊಂಡೇ ಮಾದರಿ ತೆಗೆಯಲಿ.

ಅಳಿವೆ ನೋಟ

ಉಳಿದ ಎರಡಕ್ಕೆ ನಾನು ಬರೆಯುತ್ತೇನೆ. ಸ್ಫಟಿಕದ ಕೋಶ ಬೇಕಾಗುವುದು ಅತಿನೇರಳೆಗೆ. ನಿಮಗೆ ಬೇಕಾಗಿರುವುದು 400ರಿಂದ 700ರವರೆಗಿನ ಬೆಳಕಾದ್ದರಿಂದ ಒಳ್ಳೆಯ ಗಾಜಿನ 10 ಸೆಂಟಿಮೀಟರ್ ಕೋಶವೇ ಸಾಕು, ಬೆಲೆಯೂ ಬಹಳ ಕಡಿಮೆ. ಕೊಳ್ಳುವ ಮೊದಲು ಅಷ್ಟು ಉದ್ದದ ಕೋಶ ಕೂರುವ ಹಿಡಿಕೆ ನಿಮ್ಮ ಯಂತ್ರಕ್ಕೆ ಸಿಗುತ್ತದೆಯೇ ಎಂದು ವಿಚಾರಿಸಿಕೊಳ್ಳಿ. 5 ಸೆಂಟಿಮೀಟರಿನದಾದರೂ ಕೆಲಸ ಸಾಗುತ್ತದೆ.

ಮಾದರಿಯ ವಿಷಯದಲ್ಲಿ ನನ್ನ ಅಭಿಪ್ರಾಯ ಖಚಿತವಾಗಿದೆ: ದಡದಿಂದ ಬಿಂದಿಗೆ ಅದ್ದಿ ತಂದ ನೀರಿನ ಮೇಲೆ ಎಷ್ಟೇ ಶ್ರದ್ಧೆಯಿಂದ ರೋಹಿತ ತೆಗೆದರೂ ಅದು ಜಲಾಶಯದ ಬಗ್ಗೆ ಏನನ್ನೂ ಹೇಳುವುದಿಲ್ಲ. ಗಾಳಿಯಿಲ್ಲದ ಬೆಳಗಿನಲ್ಲಿ ಈ ಪಾಚಿ ಮೇಲಕ್ಕೆ ಬಂದು ಪದರಗಟ್ಟುತ್ತದೆ, ಗಾಳಿ ಎದ್ದರೆ ಒಂದು ದಡಕ್ಕೆ ಒತ್ತರಿಸಿಕೊಳ್ಳುತ್ತದೆ. ಪೂರ್ತಿ ತುಂಬಿದಾಗ ಸುಮಾರು 378 ಚದರ ಕಿಲೋಮೀಟರ್ ಹರಡಿಕೊಳ್ಳುವ ನೀರಿದು. ಮೀನುಗಾರರ ಹರಿಗೋಲಿನಲ್ಲಿ ಒಳಗೆ ಹೋಗಿ, ಎರಡು ಮೀಟರ್ ಉದ್ದದ ಪ್ಲಾಸ್ಟಿಕ್ ಪೈಪನ್ನು ನಿಲುವಾಗಿ ಇಳಿಸಿ, ಮೇಲ್ತುದಿಯನ್ನು ಮುಚ್ಚಿ ಎತ್ತಿದರೆ ಮೇಲಿನ ಪದರದಿಂದ ಕೆಳಗಿನವರೆಗಿನ ನೀರು ಒಟ್ಟಿಗೆ ಸಿಗುತ್ತದೆ. ಪೈಪ್ ನೀರಿನಿಂದ ಹೊರಬರುವ ಮೊದಲೇ ಕೆಳತುದಿಗೂ ಬಿರಡೆ ಹಾಕಿಕೊಳ್ಳಬೇಕು. ಬಾಟಲಿಯನ್ನು ಕತ್ತಲಲ್ಲಿ, ಐಸ್ ಪೆಟ್ಟಿಗೆಯಲ್ಲಿಟ್ಟು ತಂದು ಅಂದೇ ಸೋಸಿ. ಸೋಸುವ ಮುನ್ನ ಬಾಟಲಿಯನ್ನು ಮೆಲ್ಲಗೆ ಹಲವು ಸಲ ತಲೆಕೆಳಗು ಮಾಡಿ, ಇಲ್ಲವಾದರೆ ಪಾಚಿಯೆಲ್ಲ ಬಾಟಲಿಯ ಕತ್ತಿನಲ್ಲಿಯೇ ಉಳಿಯುತ್ತದೆ.

ಮಾದರಿ ತೆಗೆದ ಜಾಗದಲ್ಲಿಯೇ ಸೆಕ್ಕಿ ತಟ್ಟೆ (ನೀರಿನ ತಿಳಿಯನ್ನು ಅಳೆಯುವ ಬಿಳಿ ಅಥವಾ ಕಪ್ಪು-ಬಿಳಿ ತಟ್ಟೆ) ಇಳಿಸಿ, ಕಾಣದಾಗುವ ಆಳವನ್ನು ಬರೆದುಕೊಳ್ಳಿ, ನೀರಿನ ಮಬ್ಬನ್ನು ಎನ್‌ಟಿಯು (ಮಬ್ಬುಮಾಪಕ ಕೊಡುವ ಮಾನ) ಅಳತೆಯಲ್ಲಿ ತೆಗೆದುಕೊಳ್ಳಿ. ಬೆಳಕು ಎಷ್ಟು ಆಳಕ್ಕಿಳಿಯುತ್ತದೆ ಎಂಬ ನಿಮ್ಮ ಮೊದಲ ಪ್ರಶ್ನೆಗೆ ಹೀರಿಕೆ ಒಂದೇ ಸಾಲದು, ಚದುರಿಕೆಯೂ ಬೇಕು. ನೀರಿನೊಳಗಿನ ಬೆಳಕನ್ನು ಅಧ್ಯಯನ ಮಾಡಿದ ವಿಜ್ಞಾನಿ ಕರ್ಕ್ ಅವರ ಸೂತ್ರದ ಪ್ರಕಾರ, ಸೂರ್ಯ ನೆತ್ತಿಯ ಮೇಲಿರುವಾಗ ಬೆಳಕು ಕುಂದುವ ಗುಣಾಂಕವು, ಹೀರಿಕೆಯ ವರ್ಗಕ್ಕೆ ಹೀರಿಕೆ, ಚದುರಿಕೆ ಮತ್ತು 0.256 ಇವುಗಳ ಗುಣಲಬ್ಧವನ್ನು ಕೂಡಿಸಿ ತೆಗೆದ ವರ್ಗಮೂಲಕ್ಕೆ ಸಮ. ಮಬ್ಬಿನ ನೀರಿನಲ್ಲಿ ಚದುರಿಕೆಯ ಗುಣಾಂಕವು ಎನ್‌ಟಿಯು ಅಂಕಿಗೆ ಸರಿಸುಮಾರು ಸಮವೆಂದು ಹಿಡಿಯಬಹುದು. ಹೀರಿಕೆ 2, ಮಬ್ಬು 20 ಎನ್‌ಟಿಯು ಇದ್ದರೆ ಕುಂದುವ ಗುಣಾಂಕ ಮೀಟರಿಗೆ 3.8ರಷ್ಟಾಗುತ್ತದೆ. ಅಂದರೆ ಮೇಲ್ಮೈಯ ಬೆಳಕಿನ ನೂರರಲ್ಲಿ ಒಂದು ಪಾಲು ಮಾತ್ರ 1.2 ಮೀಟರ್ ಆಳಕ್ಕೆ ತಲುಪುತ್ತದೆ, ಚದುರಿಕೆಯನ್ನು ಬಿಟ್ಟು ಲೆಕ್ಕ ಹಾಕಿದ್ದರೆ 2.3 ಮೀಟರ್ ಎಂದು ಬರುತ್ತಿತ್ತು. ನಿಮ್ಮ ಹೀರಿಕೆ ಮತ್ತು ಮಬ್ಬಿನ ಅಂಕಿಗಳಿಂದ ಹೀಗೆ ಬಂದ ಗುಣಾಂಕವನ್ನು, 1.7ನ್ನು ಸೆಕ್ಕಿ ಆಳದಿಂದ ಭಾಗಿಸಿದಾಗ ಬರುವ ಅಂದಾಜಿನೊಡನೆ ಹೋಲಿಸಿ ನೋಡಿ. ಮಬ್ಬು ಹೆಚ್ಚಿರುವ ನೀರಿಗೆ 1.44 ಬಳಸುವವರೂ ಇದ್ದಾರೆ, ಎರಡನ್ನೂ ಹಾಕಿ. ಎರಡು ದಾರಿಯ ಉತ್ತರಗಳು ಬಹಳ ದೂರವಿದ್ದರೆ ಮೊದಲು ಫಿಲ್ಟರ್‌ನ ಹಸಿರು ವೃತ್ತದ ವ್ಯಾಸವನ್ನು ಮತ್ತೊಮ್ಮೆ ಅಳೆಯಿರಿ, ಏಕೆಂದರೆ ಅಲ್ಲಿ ಒಂದು ಮಿಲಿಮೀಟರ್ ವ್ಯತ್ಯಾಸವಾದರೂ ಹೀರಿಕೆಯ ಅಂಕಿ ಸುಮಾರು ಶೇ. 10ರಷ್ಟು ಬದಲಾಗುತ್ತದೆ.